ಒಂದೇ ಫೋನಿಗೆ ಹಲವು ಹೆಸರು

ಮಗ ಹೊಸ ಫೋನ್ ತಂದಿದ್ದಾನೆ. ಮನೆಯ ವೈಫೈ ಪಾಸ್‌ವರ್ಡ್ ಸರಿಯಾಗಿಯೇ ಒತ್ತಿದ್ದಾನೆ, ನೆಟ್ ಮಾತ್ರ ಬರುತ್ತಿಲ್ಲ. ಅಪ್ಪ ರೌಟರಿನಲ್ಲಿ ಮನೆಯವರ ಫೋನುಗಳ ಮ್ಯಾಕ್ ವಿಳಾಸ, ಅಂದರೆ ವೈಫೈಯಲ್ಲಿ ಸಾಧನ ಹೇಳಿಕೊಳ್ಳುವ ಗುರುತು, ಬರೆದಿಟ್ಟು, ಉಳಿದವಕ್ಕೆಲ್ಲ ಬಾಗಿಲು ಹಾಕಿದ್ದಾರೆ. ಫೋನಿನ ಅಸಲಿ ವಿಳಾಸ ಸೇರಿಸಿದರೂ ಪ್ರಯೋಜನವಿಲ್ಲ.

ಫೋನು ಬೇರೆಯೇ ಹೆಸರು ಹೇಳುತ್ತಿದೆ! 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14 ಬಂದಾಗಿನಿಂದ ಫೋನುಗಳು ಸಾಮಾನ್ಯವಾಗಿ ಒಂದೊಂದು ವೈಫೈಗೆ ಒಂದೊಂದು ಹುಸಿ ವಿಳಾಸ ಕೊಡುತ್ತವೆ. ಮಾಲು, ನಿಲ್ದಾಣಗಳಲ್ಲಿ ಯಾರೂ ಜಾಡು ಹಿಡಿಯದಿರಲೆಂದು ಈ ವೇಷ. ವಿಳಾಸದ 12 ಅಂಕಿ-ಅಕ್ಷರಗಳಲ್ಲಿ ಎರಡನೆಯದು 2, 6, ಎ ಅಥವಾ ಇ ಆಗಿದ್ದರೆ ಅದು ಬಹುಮಟ್ಟಿಗೆ ಹುಸಿಯೇ.

ಅಪ್ಪನಿಗೆ ಪಟ್ಟಿಯೇ ಬೇಕೆಂದರೆ, ಫೋನಿನ ಸೆಟ್ಟಿಂಗಿನಲ್ಲಿ ಮನೆಯ ವೈಫೈಗೆ ಮಾತ್ರ ಈ ವೇಷ ಕಳಚಿದರೆ ಸಾಕು. ಹೊರಗಿನ ವೈಫೈಗಳಿಗೆ ಅದು ಇರಲಿ. ನಿಜ ಹೇಳಬೇಕೆಂದರೆ ಆ ಪಟ್ಟಿ ಬೆದರುಬೊಂಬೆಯಷ್ಟೆ. ಮ್ಯಾಕ್ ವಿಳಾಸ ಗಾಳಿಯಲ್ಲಿ ಬಯಲಾಗಿಯೇ ಹರಿಯುತ್ತದೆ, ಬಲ್ಲವರು ಅದನ್ನು ಕದ್ದು ತಮ್ಮದೆನ್ನಬಹುದು. ಉದ್ದನೆಯ ಪಾಸ್‌ವರ್ಡ್, ಡಬ್ಲ್ಯುಪಿಎ3 ಭದ್ರತೆ ಇದಕ್ಕಿಂತ ಎಷ್ಟೋ ಮೇಲು.

ಮೊಬೈಲ್ ಜಾಲದ ಲೆಕ್ಕವೇ ಬೇರೆ. ಅಲ್ಲಿ ಚಂದಾದಾರನ ಗುರುತು ಸಿಮ್ಮಿನದು; 5ಜಿ ಅದನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ಏರ್ಪಾಡು ತಂದಿದೆ. ಸಾಧನದ ಗುರುತು 15 ಅಂಕಿಯ ಐಎಂಇಐ. ಫೋನ್ ಕಳೆದಾಗ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ತಡೆ ಹಾಕಿಸಲು ಕೇಳುವುದು ಇದನ್ನೇ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ. ಎರಡು ಸಿಮ್ಮಿನ ಫೋನಿನಲ್ಲಿ ಎರಡಿರುತ್ತವೆ, ಎರಡನ್ನೂ ಬರೆದಿಡಬೇಕು, ಆ ಫೋನಿನೊಳಗಲ್ಲ.