ಕರಿಹಲಗೆಯ ಮುಂದೆ ನಿಲ್ಲುವ ಮೊದಲು

ಮಗಳೇ, ಸರಕಾರಿ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿಯಾದೆ ಎಂದು ಕೇಳಿ ಖುಷಿಯಾಯಿತು. “ದೊಡ್ಡಪ್ಪ, ಕ್ಲಾಸಿನಲ್ಲಿ ನನ್ನ ವಿಶ್ವಾಸಕ್ಕೆ ಜಾಗ ಎಲ್ಲಿ?” ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ನೆಟ್ಟಗೆ ಉತ್ತರ ಹೇಳಲಾಗಲಿಲ್ಲ.

ಪಾಠದ ನಡುವೆ ಬೈಬಲಿನ ವಾಕ್ಯ ತುರುಕುವುದಂತೂ ಬೇಡ. ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಅದು ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಎದ್ದುಹೋಗಲಾರದೆ ಕೂತ ಮಕ್ಕಳ ಮುಂದೆ ಸಾರಿದರೆ ಸುವಾರ್ತೆಗೇ ಮರ್ಯಾದೆಯಲ್ಲ.

ಹಾಗಾದರೆ ವಿಶ್ವಾಸಕ್ಕೆ ಜಾಗ ಎಲ್ಲಿ? ನಿನ್ನ ಮೇಜಿನ ಮೇಲೆ ಕಿಟೆಲ್ ಕೋಶ ಇದೆಯಲ್ಲ? ಅರ್ಥ ನೋಡುವಾಗ ಪಕ್ಕದ ಕಂಸಗಳನ್ನೂ ನೋಡು. ಈ ಮಾತು ಕೇಶಿರಾಜನಲ್ಲಿದೆ, ಇದು ಮೈಸೂರು ಕಡೆಯದು, ಇದು ಗಾದೆಯಲ್ಲಿ ಸಿಕ್ಕಿದ್ದು ಎಂದು ಪುಟ್ಟಪುಟ್ಟ ಗುರುತುಗಳು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಕೋಶದಲ್ಲಿ 70,000ದಷ್ಟು ಪದಗಳಿವೆ. ಮತಪ್ರಚಾರಕ್ಕೆಂದು ಬಂದ ಪಾದ್ರಿ ಕಿಟೆಲ್, ಜೈನ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಹೊರತಂದರು. ಆ ಕಾಲದ ಮಿಶನರಿಗಳ ಮಾತನ್ನೆಲ್ಲ ಒಪ್ಪುವವನಲ್ಲ ನಾನು. ಆದರೆ ಯಾವುದನ್ನು ಎಲ್ಲಿಂದ ತಂದೆ ಎಂದು ಒಂದೊಂದು ಪದಕ್ಕೂ ಲೆಕ್ಕ ಒಪ್ಪಿಸುವ ಆ ಕಂಸಗಳಲ್ಲಿ ನನಗೆ ಒಬ್ಬ ಕ್ರೈಸ್ತ ವಿದ್ವಾಂಸ ಕಾಣುತ್ತಾನೆ, ಅವರ ಪ್ರಸಂಗಗಳಿಗಿಂತ ಹೆಚ್ಚಾಗಿ.

ದೇವರನ್ನು ಪ್ರೀತಿಸಬೇಕೆಂಬ ಧರ್ಮೋಪದೇಶಕಾಂಡದ ಆಜ್ಞೆಯಲ್ಲಿ ಹೃದಯ, ಪ್ರಾಣ, ಶಕ್ತಿ ಇಷ್ಟೇ ಇವೆ. ಮಾರ್ಕನ ಸುವಾರ್ತೆಯಲ್ಲಿ ಯೇಸುಸ್ವಾಮಿ ಅದನ್ನೇ ಹೇಳುವಾಗ ಬುದ್ಧಿಯೂ ಸೇರಿಕೊಳ್ಳುತ್ತದೆ. ಭಾನುವಾರ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗುವವರಿಗೆ ಇದು ನೆನಪಿರುವುದಿಲ್ಲ.

ಉತ್ತರಪತ್ರಿಕೆ ತಿದ್ದುವಾಗ ನಮ್ಮ ಸಭೆಯ ಮಗುವೆಂದು ಅರ್ಧ ಅಂಕವೂ ಹೆಚ್ಚು ಬೀಳದಿರಲಿ.

ಇನ್ನೊಂದು. ನನ್ನ ಮೊದಲ ವರ್ಷ, ಹಿಂದಿನ ಬೆಂಚಿನ ಹುಡುಗನೊಬ್ಬ “ಬಾನಸಿಗ ಅಂದರೇನು ಸಾರ್?” ಎಂದ. ಗೊತ್ತಿರಲಿಲ್ಲ. “ಬಾನಿಗೆ ಸಂಬಂಧಪಟ್ಟವನು, ಜೋಯಿಸ” ಎಂದು ಬಿಟ್ಟೆ. ರಾತ್ರಿ ಕೋಶ ತೆಗೆದರೆ ಅಡುಗೆಯವನು! ಪ್ರಾರ್ಥನೆಗೆ ಕೂತರೆ ಬಾನಸಿಗನೇ ಎದುರು ಬಂದು ನಿಲ್ಲುತ್ತಾನೆ. ಮರುದಿನ ತರಗತಿಯಲ್ಲಿ ಹೇಳಿದೆ: “ನಿನ್ನೆ ನಾನು ಹೇಳಿದ್ದು ತಪ್ಪಲ್ಲ, ಸುಳ್ಳು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದೆ.” ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ನಗುವೋ ನಗು. ಆ ವರ್ಷವಿಡೀ ಹುಡುಗರು ಹಾಸ್ಟೆಲಿನ ಭಟ್ಟರನ್ನು ಬಾನಸಿಗರೇ ಎಂದೇ ಕರೆದರು.