ಮೂರನೆಯ ಅವಧಿಗೆ ನಾನು ಇಳಿಯಲಿಲ್ಲ

ಐಸ್ ಹಾಕಿಯಿಂದ ನಾನು ಅಕಾಲದಲ್ಲಿ ನಿವೃತ್ತನಾದುದೇಕೆಂದು ಕೆನಡಾದ ಸಡ್‌ಬರಿಯ ನಮ್ಮ ಬೀದಿಯವರು ಇಂದಿಗೂ ಕೇಳುತ್ತಾರೆ. ಅಂಜಿ ಓಡಿಬಂದನೆಂಬ ಅಪವಾದವನ್ನು ಮೊದಲು ಹೊರಿಸಿದವರು ನನ್ನ ತಂದೆಯೇ ಆದುದರಿಂದ ಪರರನ್ನು ದೂರಿ ಫಲವಿಲ್ಲ. ನಿಕಲ್ ಗಣಿಯಲ್ಲಿ ಆಯುಷ್ಯವನ್ನು ಸವೆಸಿದ ಅವರ ಮತದಲ್ಲಿ ನೋವೆಂಬುದು ಪಾಳಿ ಮುಗಿದ ಮೇಲೆ ಮಾತ್ರ ಆಡತಕ್ಕ ಮಾತು.

ನಾನು ರಕ್ಷಣಾ ಆಟಗಾರ. ಈ ಆಟದ ಅತ್ಯುನ್ನತ ಲೀಗಾದ ಎನ್‌ಎಚ್‌ಎಲ್‌ನ ವೈಭವ ನನಗೆ ದಕ್ಕಿದುದಲ್ಲ. ಪಂದ್ಯ ಮುಗಿದೊಡನೆ ಬಸ್ಸನ್ನೇರಿ, ಇರುಳೆಲ್ಲ ಪಯಣಿಸಿ, ಮರುದಿನ ಬೇರೊಂದು ಊರಿನಲ್ಲಿ ಆಡುವ ಕೆಳದರ್ಜೆಯ ಲೀಗುಗಳೇ ನನ್ನ ಜೀವನೋಪಾಯವಾಗಿದ್ದುವು. ಅಲ್ಲಿ ಒಬ್ಬನ ಸ್ಥಾನಕ್ಕೆ ಹಲವರು ಕಾದಿರುವುದರಿಂದ ಪೆಟ್ಟಾಯಿತೆಂದು ಯಾರೂ ಬಾಯಿಬಿಡರು.

ನನ್ನ ಕಡೆಯ ಪಂದ್ಯದ ರಾತ್ರಿ ಎರಡನೆಯ ಅವಧಿಯಲ್ಲಿ, ನಮ್ಮ ಗೋಲಿನ ಹಿಂದಿನ ಮೂಲೆಗೆ ಜಾರಿದ ಪಕ್ಕನ್ನು ತರಲು ನಾನು ಬೆನ್ನು ತಿರುಗಿಸಿ ಧಾವಿಸಿದೆನು. ಆ ರಬ್ಬರಿನ ಬಿಲ್ಲೆ ಕೋಲಿಗೆ ತಗಲಿದ ಕ್ಷಣದಲ್ಲಿಯೇ ಎದುರಾಳಿಯ ಭುಜ ದವಡೆಗೆ ಅಪ್ಪಳಿಸಿ, ತಲೆ ಗಾಜಿನ ತಡೆಗೋಡೆಗೆ ಬಡಿಯಿತು. ನೋವಾಗಲಿಲ್ಲ, ಪ್ರೇಕ್ಷಕರ ಕೋಲಾಹಲ ಥಟ್ಟನೆ ಅಡಗಿ, ನೀರಿನಡಿಯಿಂದ ಕೇಳುವಂತೆ ಮಂದವಾಗಿ ಮರಳಿತು. ಎದ್ದವನು ಎದುರಾಳಿಗಳ ಬೆಂಚಿನತ್ತ ಹೊರಟೆನಂತೆ. ರೆಫರಿ ತೋಳು ಹಿಡಿದು ತಿರುಗಿಸಿದನಂತೆ. ತಂಡದ ವೈದ್ಯನು ಮೂಗಿಗೆ ಅಮೋನಿಯ ಹಿಡಿದು, "ಇವತ್ತು ಯಾವ ವಾರ?" ಎಂದನು. "ಶನಿವಾರ" ಎಂದೆನು, ನಮ್ಮ ಪಂದ್ಯಗಳು ಹೆಚ್ಚಾಗಿ ಶನಿವಾರವೇ ನಡೆಯುತ್ತಿದ್ದುದರಿಂದ ಊಹೆ ಫಲಿಸಿತು. ಆ ಮಹಾಶಯನಿಗೆ ಅಷ್ಟೇ ಸಾಕಾಯಿತು.

ನನ್ನನ್ನು ಮತ್ತೆ ಇಳಿಸಿದರು. ನಮ್ಮ ಆಟದಲ್ಲಿ ಒಂದು ಸರದಿಯೆಂದರೆ ಹೆಚ್ಚುಕಡಮೆ ಮುಕ್ಕಾಲು ನಿಮಿಷ. ಅಷ್ಟರಲ್ಲಿ ನನಗೆ ಎರಡು ಪಕ್ಕುಗಳು ಕಂಡುವು, ನಾನು ಬೀಸಿ ಹೊಡೆದುದು ಇಲ್ಲದ ಪಕ್ಕನ್ನು. ವಿರಾಮದಲ್ಲಿ ಸ್ಕೇಟಿನ ದಾರವನ್ನು ಬಿಚ್ಚಹೋಗಿ, ಗಂಟೆಲ್ಲಿದೆಯೆಂದು ಬೆರಳುಗಳಿಗೆ ತಿಳಿಯದೆ, ಕಡೆಗೆ ಕತ್ತರಿಯನ್ನೇ ಹಾಕಿದೆನು. ವ್ಯವಸ್ಥಾಪಕನು ಬಾಗಿಲಲ್ಲಿ ನಿಂತು, "ಮೂರನೆಯ ಅವಧಿಗೆ ಇಳಿಯದಿದ್ದರೆ ಬರುವ ವರ್ಷದ ಕರಾರಿನ ಮಾತೆತ್ತಬೇಡ" ಎಂದನು. ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಇದನ್ನು ಹೇಡಿತನವೆನ್ನುವವರು ಇತಿಹಾಸವನ್ನು ನೋಡಲಿ. 1968ರಲ್ಲಿ ಎನ್‌ಎಚ್‌ಎಲ್‌ ಆಟಗಾರ ಬಿಲ್ ಮಾಸ್ಟರ್‌ಟನ್ ಪಂದ್ಯದಲ್ಲಿ ತಲೆಗೆ ಬಿದ್ದ ಪೆಟ್ಟಿನಿಂದ ಮೃತನಾದರೂ, ಎನ್‌ಎಚ್‌ಎಲ್‌ ಹೊಸ ಆಟಗಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದುದು 1979ರಲ್ಲಿ. ಅದಾದರೂ ಕಪಾಲವನ್ನು ಕಾಯುವುದೇ ಹೊರತು ಅದರೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. 2011ರಲ್ಲಿ ಇಪ್ಪತ್ತೆಂಟರ ಪ್ರಾಯದಲ್ಲಿ ತೀರಿಕೊಂಡ ಅದೇ ಲೀಗಿನ ಆಟಗಾರ ಡೆರೆಕ್ ಬೂಗಾರ್ಡ್‌ನ ಮಿದುಳಿನಲ್ಲಿ, ಪದೇ ಪದೇ ಪೆಟ್ಟು ತಿಂದವರಿಗೆ ಬರುವ, ಮಿದುಳನ್ನು ಕ್ರಮೇಣ ಸವೆಸುವ ರೋಗ (ಸಿಟಿಇ) ಕಂಡುಬಂದಿತು. ನಮ್ಮ ಒಂಟಾರಿಯೊ ಪ್ರಾಂತದ ಶಾಸನಸಭೆಯು 2018ರಲ್ಲಿ ಅಂಗೀಕರಿಸಿದ ರೋವನ್ ಕಾಯಿದೆಯ ಪ್ರಕಾರ, ತಲೆಗೆ ಪೆಟ್ಟಾದ ಶಂಕೆಯಿರುವ ಎಳೆಯ ಹವ್ಯಾಸಿ ಆಟಗಾರನನ್ನು ಆಟದಿಂದ ಹೊರಗಿಡಬೇಕು. ಸಂಬಳಕ್ಕಾಗಿ ಆಡುವವನಿಗೆ ಆ ರಕ್ಷೆಯಿಲ್ಲ.

ಆದುದರಿಂದ, ಈ ವೃತ್ತಿಯನ್ನು ಹಿಡಿಯುವ ಯುವಕರಿಗೆ ನನ್ನ ಬುದ್ಧಿವಾದ ಇಷ್ಟೇ: ಪೆಟ್ಟು ಬಿದ್ದ ದಿನವನ್ನು ಬರೆದಿಡಿರಿ, ಪಕ್ಕದಲ್ಲಿ ಆಡುವ ಗೆಳೆಯನಿಗೆ ತಿಳಿಸಿರಿ, ವೈದ್ಯಕೀಯ ಕಾಗದಗಳ ಪ್ರತಿಯನ್ನು ಕೇಳಿ ಪಡೆಯಿರಿ. ಎಲ್ಲಕ್ಕೂ ಮಿಗಿಲಾಗಿ, ತಂಡದ ವೈದ್ಯನಿಗೆ ಸಂಬಳ ಕೊಡುವವನು ತಂಡದ ಮಾಲೀಕನೆಂಬುದನ್ನು ಮರೆಯದೆ, ಮರುದಿನವೇ ನಿಮ್ಮೂರಿನ ವೈದ್ಯನಲ್ಲಿಗೆ ಹೋಗಿರಿ.