ಶಕ್ತಿತಸ್ತಪವೂ ರಕ್ತನಾಳಗಳ ಕಾಠಿಣ್ಯವೂ

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ, ಶಕ್ತಿತಸ್ತಪ ಎಂಬ ಎರಡನ್ನು ನಾವು ಪೂಜೆಯಲ್ಲಿ ತಪ್ಪದೆ ಸ್ಮರಿಸುತ್ತೇವೆ. ತನ್ನ ಶಕ್ತಿಯನ್ನು ಮರೆಮಾಚದೆಯೂ ಅದನ್ನು ಮೀರದೆಯೂ ಆಚರಿಸಬೇಕೆಂಬುದೇ ಇವುಗಳ ತಾತ್ಪರ್ಯ. ಹೃದಯದ ಅಥವಾ ರಕ್ತದೊತ್ತಡದ ಮಾತ್ರೆ ಸೇವಿಸುತ್ತಿರುವ ಶ್ರಾವಕ ಶ್ರಾವಿಕೆಯರು ಪರ್ವದಿನಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆಗೆ ಉತ್ತರವು ಇಲ್ಲಿಯೇ ಇದೆ. ಅದನ್ನರಿಯಲು ಮೊದಲು ರೋಗದ ಸ್ವರೂಪವನ್ನು ತಿಳಿಯೋಣ.

ರೋಗದ ಸ್ವರೂಪ

ಹೃದಯದಿಂದ ಹೊರಟ ರಕ್ತವನ್ನು ಅಂಗಾಂಗಗಳಿಗೆ ಒಯ್ಯುವ ನಾಳಗಳಿಗೆ ಅಪಧಮನಿಗಳೆಂದು ಹೆಸರು. ಆರೋಗ್ಯವಂತರಲ್ಲಿ ಇವು ಮೃದುವಾಗಿದ್ದು ಪ್ರತಿ ಬಡಿತಕ್ಕೂ ಹಿಗ್ಗಿ ಕುಗ್ಗುತ್ತವೆ. ಮಂಚೇನಹಳ್ಳಿ, ಗೌರಿಬಿದನೂರು ಸೀಮೆಯ ಕೊಳವೆಬಾವಿಯ ಗಡಸು ನೀರು ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವುದನ್ನು ಎಲ್ಲರೂ ಬಲ್ಲರು. ರಕ್ತನಾಳದ ಕಾಠಿಣ್ಯವನ್ನು ಇದಕ್ಕೆ ಹೋಲಿಸುವುದುಂಟು. ಆದರೆ ಒಂದು ಭೇದವಿದೆ. ಹಂಡೆಯ ಪದರವು ಮೇಲೆ ಕೂರುತ್ತದೆ. ಇಲ್ಲಿ ಕೊಬ್ಬು ಗೋಡೆಯ ಒಳಕ್ಕೇ ಇಳಿಯುತ್ತದೆ. ಎಲ್.ಡಿ.ಎಲ್. ಎಂಬ ಕೊಲೆಸ್ಟರಾಲ್ ಒಳಪೊರೆಯನ್ನು ದಾಟಿ ಸೇರಿಕೊಂಡಾಗ ಅದನ್ನು ನುಂಗಲು ಬಂದ ರಕ್ಷಕಕಣಗಳೂ ಅಲ್ಲಿಯೇ ಸಿಲುಕುತ್ತವೆ. ಉರಿಯೂತವುಂಟಾಗಿ, ನಾರು ಬೆಳೆದು, ಸುಣ್ಣದ ಅಂಶ ಸೇರಿ ಗೋಡೆಯು ದಪ್ಪವೂ ಪೆಡಸೂ ಆಗುತ್ತದೆ.

ಈ ಕ್ರಿಯೆಯು ಯೌವನದಲ್ಲಿಯೇ ತೊಡಗಿ ದಶಕಗಳ ಕಾಲ ಸದ್ದಿಲ್ಲದೆ ಸಾಗುತ್ತದೆ. ಒಂದು ದಿನ ಮೇಲಿನ ಪೊರೆ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಹೃದಯದಲ್ಲಾದರೆ ಅದು ಹೃದಯಾಘಾತ, ಮೆದುಳಿನಲ್ಲಾದರೆ ಪಾರ್ಶ್ವವಾಯು. ಕಾಲಿನ ನಾಳ ಕಿರಿದಾದವರಿಗೆ ನಡೆಯುವಾಗ ಮೀನಖಂಡ ನೋಯುತ್ತದೆ, ನಿಂತರೆ ಶಮನವಾಗುತ್ತದೆ.

ಸಸ್ಯಾಹಾರವೊಂದೇ ರಕ್ಷೆಯಲ್ಲ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು 2004ರಲ್ಲಿ ಪ್ರಕಟವಾಯಿತು. ಹೃದಯಾಘಾತದ ಅಪಾಯದಲ್ಲಿ ಶೇಕಡಾ 90ರಷ್ಟು ಒಂಬತ್ತು ಕಾರಣಗಳಿಂದಲೇ ಬರುವುದೆಂದು ಅದು ತೋರಿಸಿತು: ತಂಬಾಕು, ರಕ್ತದ ಕೊಬ್ಬಿನ ಏರುಪೇರು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು ತರಕಾರಿಗಳ ಕೊರತೆ, ವ್ಯಾಯಾಮದ ಕೊರತೆ ಮತ್ತು ಮದ್ಯಕ್ಕೆ ಸಂಬಂಧಿಸಿದ ಅಭ್ಯಾಸ. ಅದೇ ಅಧ್ಯಯನದ ಆಧಾರದಿಂದ 2007ರಲ್ಲಿ ಹೊರಬಂದ ಲೇಖನದ ಪ್ರಕಾರ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53, ಇತರರಲ್ಲಿ 59.

ಮದ್ಯವನ್ನು ಮೂಲಗುಣಗಳಲ್ಲಿಯೇ ತ್ಯಜಿಸಿದ ಮನೆಗಳಲ್ಲಿಯೂ ಮಧುಮೇಹ, ಬೊಜ್ಜು, ರಕ್ತದೊತ್ತಡಗಳು ಉಳಿದೇ ಇವೆ. ತುಪ್ಪದ ಕೊಬ್ಬಿನಲ್ಲಿ ಅರ್ಧಕ್ಕೂ ಮಿಕ್ಕಿದ ಭಾಗವು ಎಲ್.ಡಿ.ಎಲ್. ಹೆಚ್ಚಿಸುವ ಬಗೆಯದು. ಉಪವಾಸದ ಮರುದಿನ ಪಾರಣೆಯಲ್ಲಿ ಕರಿದ ತಿಂಡಿ, ಹೋಳಿಗೆ, ತುಪ್ಪಗಳನ್ನು ಯಥೇಚ್ಛವಾಗಿ ಉಂಡರೆ ಸಾಧನೆಗೂ ದೇಹಕ್ಕೂ ನಷ್ಟವೇ.

ಯಾವ ತಪವು ಯುಕ್ತ?

ಬಾಹ್ಯತಪಗಳು ಆರು. ಅನಶನವು ಅವುಗಳಲ್ಲಿ ಒಂದು ಮಾತ್ರ. ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗಗಳೂ ತಪಗಳೇ. ಹಸಿವಿಗಿಂತ ಕಡಿಮೆ ಉಣ್ಣುವುದು, ಇಷ್ಟೇ ಪದಾರ್ಥವೆಂದು ಎಣಿಸಿಕೊಳ್ಳುವುದು, ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದೆರಡನ್ನು ಬಿಡುವುದು, ಇವು ರಕ್ತನಾಳದ ರೋಗಿಗೆ ನಿತ್ಯವೂ ಸಾಧ್ಯವಾದ ತಪಗಳು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಒಂದು ಚಮಚಕ್ಕೂ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಸೀಮೆಯ ರಾಗಿಮುದ್ದೆ, ಹುರುಳಿ, ಅವರೆ, ತೊಗರಿಗಳು ನಾರುಳ್ಳ ಉತ್ತಮ ಆಹಾರ. ಬೆಳ್ಳುಳ್ಳಿಯಿಂದ ನಾಳ ಶುದ್ಧವಾಗುವುದೆಂಬ ಮಾತಿಗೆ ಕಂದಮೂಲ ತ್ಯಜಿಸಿದವರು ಕಳವಳಪಡಬೇಕಿಲ್ಲ. ಅದು ಚಿಕಿತ್ಸೆಗೆ ಬದಲಾಗದು. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯುವುದು ಹಿತಕರ.

ನಿರ್ಜಲ ಉಪವಾಸವು ಎಲ್ಲರಿಗೂ ಸಲ್ಲದು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಪಡೆದು ಉಣ್ಣದಿದ್ದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಮೂತ್ರ ಹೆಚ್ಚಿಸುವ ಔಷಧ ಸೇವಿಸುವವರು ನೀರು ಬಿಟ್ಟರೆ ತಲೆಸುತ್ತಿ ಬೀಳಬಹುದು. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನಲ್ಲಿಯೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಸಂಚಕಾರ ಬರುವುದು. ಇಂತಹವರಿಗೆ ವೈದ್ಯರ ಒಪ್ಪಿಗೆಯಿಂದ ಔಷಧಸಹಿತ ಏಕಾಶನವೇ ಶಕ್ತಿತಸ್ತಪ.

ವ್ರತಕ್ಕೂ ಔಷಧಕ್ಕೂ ಹೊಂದಾಣಿಕೆ

ರಾತ್ರಿಭೋಜನ ತ್ಯಾಗಿಗಳು ರಾತ್ರಿಯ ಮಾತ್ರೆಯನ್ನು ಬಿಟ್ಟುಬಿಡಬೇಕಾಗಿಲ್ಲ. ಕೊಲೆಸ್ಟರಾಲ್ ಇಳಿಸುವ ಅಟೋರ್ವಸ್ಟಾಟಿನ್, ರೊಸುವಸ್ಟಾಟಿನ್‌ಗಳನ್ನು ದಿನದ ಯಾವ ಹೊತ್ತಿನಲ್ಲಿಯಾದರೂ, ಪ್ರತಿದಿನ ಅದೇ ಹೊತ್ತಿಗೆ, ಸೇವಿಸಬಹುದು. ಉಳಿದ ಔಷಧಗಳನ್ನೂ ಸೂರ್ಯಾಸ್ತಕ್ಕೆ ಮುನ್ನ ಹೊಂದಿಸಲು ಸಾಧ್ಯವೇ ಎಂದು ವೈದ್ಯರನ್ನು ಕೇಳಿರಿ. ಕ್ಯಾಪ್ಸೂಲಿನ ಹೊದಿಕೆಯು ಪ್ರಾಣಿಜನ್ಯ ಜೆಲಟಿನ್ ಆಗಿರಬಹುದಾದುದರಿಂದ ಮಾತ್ರೆಯ ರೂಪ ದೊರೆಯುವುದೇ ಎಂದೂ ವಿಚಾರಿಸಿರಿ. ಮುನಿಗಳ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವಾಗ ರೋಗವನ್ನು ನಿವೇದಿಸಿ, ಆಪತ್ಕಾಲದ ಔಷಧದ ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಲೇಸು.

ಔಷಧ ಬಿಟ್ಟು ದೇಹತ್ಯಾಗ ಮಾಡುವುದೇ ಸಲ್ಲೇಖನವೆಂದು ಕೆಲವರು ಭ್ರಮಿಸುವುದುಂಟು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ವೃದ್ಧಾಪ್ಯ, ರೋಗಗಳನ್ನು ಹೇಳುವಾಗ ಪ್ರತೀಕಾರವಿಲ್ಲದಿರುವಿಕೆಯನ್ನು ನಿಯಮವಾಗಿರಿಸಿದ್ದಾರೆ. ಪ್ರತೀಕಾರವಿರುವ ರೋಗವನ್ನು ಉಪೇಕ್ಷಿಸಿ ಸಾಯುವುದು ಸಲ್ಲೇಖನವಲ್ಲ.

ತಡಮಾಡಬಾರದ ಹೊತ್ತು

ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಿನ ಕಷ್ಟ ಹೃದಯಾಘಾತದ ಚಿಹ್ನೆಗಳು. ಸ್ತ್ರೀಯರಲ್ಲಿಯೂ ಮಧುಮೇಹಿಗಳಲ್ಲಿಯೂ ನೋವಿಲ್ಲದೆ ಬರಿಯ ಅತಿಬಳಲಿಕೆಯೇ ಕಾಣಬಹುದು. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಚಿಹ್ನೆಗಳು. ಇವನ್ನು ಉಪವಾಸದ ನಿಶ್ಶಕ್ತಿಯೆಂದೋ ವಾಯುವೆಂದೋ ಬಗೆದು ಬೆಳಗಿನವರೆಗೆ ಕಾಯಬಾರದು. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆ ಸೇರಬೇಕು. ದಶಲಕ್ಷಣ ಪರ್ವಕ್ಕೆ ಒಂದು ತಿಂಗಳು ಮುಂಚೆಯೇ ಮನೆಯ ಹಿರಿಯರ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ, ಯಾರು ಯಾವ ತಪ ಕೈಗೊಳ್ಳಬಹುದೆಂದು ವೈದ್ಯರೊಡನೆಯೂ ಗುರುಗಳೊಡನೆಯೂ ಆಲೋಚಿಸಿ ನಿಶ್ಚಯಿಸಿರಿ.